ಪರದೇಶ ಪ್ರಯಾಣದಲ್ಲಿ ಹಣದ ರಕ್ಷಣೆ



"ದುಡ್ಡೇ ದೊಡ್ಡಪ್ಪ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಾವು ಊರಿನಲ್ಲಿರುವಷ್ಟು ಕಾಲ ಈ ದೊಡ್ಡಪ್ಪನ ಯೋಗಕ್ಷೇಮವನ್ನು ನೋಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಪರಿಚಯದ ಬ್ಯಾಂಕು, ಮುಖ ನೋಡಿ ಸಾಮಾನು ಕೊಡುವ ಅಂಗಡಿಯವನು, ಹೊತ್ತಿಗೆ ಕೈಗಡ ಕೊಡುವ ನೆರೆಯವನು, ಇವರೆಲ್ಲರೂ ಅವನ ಸುತ್ತ ಇದ್ದೇ ಇರುತ್ತಾರೆ. ಆದರೆ ಅವನನ್ನು ಜೊತೆಯಲ್ಲಿ ಕರೆದುಕೊಂಡು ಸಮುದ್ರದಾಚೆಗೆ ಹೊರಟೆವೆಂದರೆ ಆ ಬಳಗವೆಲ್ಲ ಹಿಂದೆ ಉಳಿಯುತ್ತದೆ. ಭಾಷೆ ಬೇರೆ, ನಾಣ್ಯ ಬೇರೆ, ಕಾನೂನು ಬೇರೆ. ಅಂಥ ಸ್ಥಳದಲ್ಲಿ ಹಣವನ್ನು ಸುರಕ್ಷಿತವಾಗಿ ಒಯ್ಯುವುದು ಹೇಗೆ, ಬಳಸುವುದು ಹೇಗೆ ಎಂಬ ವಿಷಯವನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಈ ವಿಚಾರಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಊರುಗಳನ್ನು ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಪರದೇಶ ಪ್ರಯಾಣಕ್ಕೂ ಕಬ್ಬಿನ ಗದ್ದೆಗಳ ಈ ಸೀಮೆಗೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧವು ಬಹಳ ನಿಕಟವಾದುದು. ಕೃಷ್ಣರಾಜಸಾಗರದ ನೀರು, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ಪಡೆದ ಸ್ಥಾನ, 1962ರಲ್ಲಿ ಮಂಡ್ಯದಲ್ಲಿ ಆರಂಭವಾದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು, ಇವು ಒಂದಾದ ಮೇಲೊಂದರಂತೆ ಬಂದು ರೈತರ ಮಕ್ಕಳನ್ನು ವಿದ್ಯಾವಂತರನ್ನಾಗಿ ಮಾಡಿದುವು. ಆ ವಿದ್ಯೆಯು ಅನೇಕರನ್ನು ದೂರದೇಶಗಳಿಗೆ ಕರೆದೊಯ್ದಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಜನ್ ಜನರಲ್ ಪದವಿಯನ್ನು ಎರಡು ಬಾರಿ ವಹಿಸಿದ್ದ ಡಾಕ್ಟರ್ ವಿವೇಕ್ ಮೂರ್ತಿಯವರ ಮನೆತನದ ಮೂಲವು ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಎಂಬುದನ್ನು ತಾವು ಬಲ್ಲಿರಿ.

ಇದೇ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಶ್ರೀ ಎ. ಎನ್. ಮೂರ್ತಿರಾಯರು ತಮ್ಮ ಪ್ರವಾಸಗ್ರಂಥಕ್ಕೆ "ಅಪರವಯಸ್ಕನ ಅಮೆರಿಕಾ ಯಾತ್ರೆ" ಎಂದು ಹೆಸರಿಟ್ಟರು. ಅಂದು ಒಂದು ಗ್ರಂಥಕ್ಕೆ ವಸ್ತುವಾಗುವಷ್ಟು ಅಪರೂಪವಾಗಿದ್ದ ಯಾತ್ರೆಯು ಇಂದು ನಮ್ಮ ಬೀದಿಯ ಮಾತಾಗಿದೆ. ಮಗಳ ಬಾಣಂತನಕ್ಕೆಂದು ತಾಯಿ ಹೊರಡುತ್ತಾಳೆ. ಮೊಮ್ಮಗನ ನಾಮಕರಣಕ್ಕೆಂದು ತಂದೆ ಹೊರಡುತ್ತಾನೆ. ಮೇಲಣ ಓದಿಗೆಂದು ತಮ್ಮ ಹೊರಡುತ್ತಾನೆ. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟಿನ ಕೆಲಸ ನಡೆಯುವ ಏರ್ಪಾಡು 2017ರ ಜನವರಿಯಲ್ಲಿ ದೇಶದಲ್ಲಿ ಮೊದಲಾದಾಗ, ಆ ಮೊದಲ ಕೇಂದ್ರಗಳಲ್ಲಿ ಒಂದು ಮೈಸೂರಿನದೇ ಆಗಿತ್ತು. ಹೀಗೆ ದಾರಿ ಸುಗಮವಾಗಿದೆ. ಆದರೆ ಹೊರಡುವವರು ಒಯ್ಯುವ ಹಣವೆಂಥದು? ವರ್ಷವೆಲ್ಲ ಬೆಳೆದ ಕಬ್ಬಿನ ಬಿಲ್ಲು, ಮದ್ದೂರಿನ ಮಾರುಕಟ್ಟೆಯಲ್ಲಿ ಮಾರಿದ ಎಳನೀರಿನ ಹುಟ್ಟುವಳಿ, ಮಳವಳ್ಳಿಯ ಕಡೆಯ ರೇಷ್ಮೆಗೂಡಿನ ಆದಾಯ. ಇಂಥ ಹಣವು ಕಳೆದುಹೋದರೆ ಕಳೆಯುವುದು ನೋಟುಗಳು ಮಾತ್ರವಲ್ಲ, ಒಂದು ಸಂಸಾರದ ಒಂದು ವರ್ಷ.

ಹಿಂದಿನವರು ಏನು ಮಾಡುತ್ತಿದ್ದರೆಂಬುದನ್ನು ಮೊದಲು ನೋಡೋಣ. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯವರು ಪ್ರವಾಸಿಗಳ ಚೆಕ್ಕನ್ನು ಹೊರಡಿಸಿದರು. ಕೊಳ್ಳುವಾಗ ಒಂದು ರುಜು, ನಗದು ಮಾಡಿಕೊಳ್ಳುವಾಗ ಇನ್ನೊಂದು ರುಜು; ಎರಡೂ ಹೊಂದಿದರೆ ಮಾತ್ರ ಹಣ. ಚೆಕ್ಕುಗಳ ಸಂಖ್ಯೆಯನ್ನು ಬೇರೆ ಕಾಗದದಲ್ಲಿ ಬರೆದಿಟ್ಟುಕೊಂಡವನಿಗೆ, ಅವು ಕಳೆದುಹೋದರೂ ಹಣ ಮರಳಿ ಬರುತ್ತಿತ್ತು. ಕದ್ದವನ ಕೈಗೆ ಸಿಕ್ಕಿದರೂ ಅವನಿಗೆ ದಕ್ಕಬಾರದು ಎಂಬುದೇ ಅದರ ಮರ್ಮ. ಆ ಚೆಕ್ಕುಗಳು ಈಗ ಬಹುಮಟ್ಟಿಗೆ ಮರೆಯಾಗಿವೆ. ಆದರೆ ಮರ್ಮವು ಹಳೆಯದಾಗಿಲ್ಲ.

ನಮ್ಮ ದೇಶದಲ್ಲಿಯಾದರೋ ಬಹುಕಾಲ ಒಯ್ಯಲು ಹಣವೇ ದೊರೆಯುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಓದಲು ಹೊರಟ ವಿದ್ಯಾರ್ಥಿಯ ಜೇಬಿನಲ್ಲಿ 8 ಡಾಲರುಗಳಿದ್ದುವೆಂಬುದು ಆ ಪೀಳಿಗೆಯವರು ಇಂದಿಗೂ ಹೇಳುವ ಮಾತು. 2004ರಲ್ಲಿ ರಿಸರ್ವ್ ಬ್ಯಾಂಕು ಉದಾರ ರವಾನೆಯ ಯೋಜನೆಯನ್ನು ಜಾರಿಗೆ ತಂದಾಗ ಒಬ್ಬನು ವರ್ಷಕ್ಕೆ ಕಳುಹಿಸಬಹುದಾಗಿದ್ದ ಮೊತ್ತ 25,000 ಡಾಲರು. 2015ರಿಂದ ಈಚೆಗೆ ಅದು 2,50,000 ಡಾಲರಾಗಿದೆ. ಎಂಟು ಡಾಲರಿನವನಿಗೆ ಕೊರತೆಯ ಭಯವಿತ್ತು, ಕಳವಿನ ಭಯವಿರಲಿಲ್ಲ. ಇಂದಿನವನ ಸ್ಥಿತಿ ತಲೆಕೆಳಗಾಗಿದೆ. ಅವನಿಗೆ ಹಣ ಸಾಲದೆಂಬ ಚಿಂತೆಗಿಂತ, ಇರುವ ಹಣವೆಲ್ಲ ಒಂದೇ ಚೀಲದಲ್ಲಿ, ಒಂದೇ ಕಾರ್ಡಿನಲ್ಲಿ, ಒಬ್ಬರದೇ ಕೈಯಲ್ಲಿ ಇರುವುದೇ ದೊಡ್ಡ ಅಪಾಯ.

ಇದಕ್ಕೆ ಪರಿಹಾರವನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ಮೊದಲು ಇರ್ವಿನ್ ನಾಲೆ ಎಂದು ಹೆಸರಾಗಿದ್ದು ಈಗ ವಿಶ್ವೇಶ್ವರಯ್ಯ ನಾಲೆ ಎಂದು ಕರೆಯಲ್ಪಡುವ ಕಾಲುವೆಯು ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಿಗೂ ನೀರುಣಿಸುತ್ತದೆ. ಒಂದು ಗದ್ದೆಗೆ ನೀರು ಬೇಕೆಂದು ಯಾವ ರೈತನೂ ಕಟ್ಟೆಯ ಏರಿಯನ್ನು ಒಡೆಯುವುದಿಲ್ಲ. ನೀರು ಕಟ್ಟೆಯಲ್ಲಿ ನಿಂತಿರುತ್ತದೆ. ತೂಬನ್ನು ಎತ್ತಿದಷ್ಟು ಕಾಲುವೆಯಲ್ಲಿ ಹರಿಯುತ್ತದೆ. ಮನೆಗೆ ಬೇಕಾದುದು ಬಿಂದಿಗೆಯಲ್ಲಿ ಬರುತ್ತದೆ. ಬಿಂದಿಗೆ ಒಡೆದರೆ ಒಂದು ಬಿಂದಿಗೆಯ ನಷ್ಟ. ಕಟ್ಟೆಗೆ ಏನೂ ಆಗುವುದಿಲ್ಲ. ಪ್ರವಾಸಿಯ ಹಣವೂ ಹೀಗೆಯೇ ಮೂರು ಎಡೆಗಳಲ್ಲಿ ಇರತಕ್ಕದ್ದು. ಅವನು ತನ್ನ ಹಣಕ್ಕೆ ತಾನೇ ನೀರುಗಂಟಿಯಾಗಬೇಕು.

ಮೊದಲನೆಯದು ಕಟ್ಟೆ. ಇದು ಊರಿನ ಬ್ಯಾಂಕಿನಲ್ಲಿರುವ ಉಳಿತಾಯ. ಇದನ್ನು ಊರಿನಲ್ಲಿಯೇ ಬಿಟ್ಟು ಹೋಗಬೇಕು. ಕಬ್ಬಿನ ಹಣವೆಲ್ಲ ಜಮೆಯಾಗುವ ಖಾತೆಯ ಡೆಬಿಟ್ ಕಾರ್ಡನ್ನು ಪರದೇಶದ ಅಂಗಡಿಗಳಲ್ಲಿ ಉಪಯೋಗಿಸುವುದು ಏರಿಯಲ್ಲಿ ಕಂಡಿ ತೋಡಿದಂತೆ. ಕಾರ್ಡಿನ ಗುಟ್ಟು ಒಮ್ಮೆ ಬಯಲಾದರೆ ಖಾತೆಯೆಲ್ಲ ಬರಿದಾಗಬಹುದು. ಆದುದರಿಂದ ಪ್ರಯಾಣಕ್ಕೆಂದೇ ಒಂದು ಬೇರೆ ಖಾತೆಯನ್ನು ತೆರೆದು, ಬೇಕಾದಷ್ಟನ್ನೇ ಅದಕ್ಕೆ ವರ್ಗಾಯಿಸಿಕೊಳ್ಳುವುದು ಕ್ಷೇಮಕರ.

ಓದಲು ಹೋಗುವ ಮಕ್ಕಳ ವಿಷಯದಲ್ಲಿಯೂ ಇದೇ ನೀತಿ. ವಿಶ್ವವಿದ್ಯಾನಿಲಯದ ಶುಲ್ಕವನ್ನು ಕೈಯಲ್ಲಿ ಒಯ್ಯಕೂಡದು, ನಡುವಣ ದಳ್ಳಾಳಿಗೆ ಕೊಡಕೂಡದು. ಬ್ಯಾಂಕಿನ ಮೂಲಕ ನೇರವಾಗಿ ರವಾನಿಸಬೇಕು. ಈ ವಿಷಯದಲ್ಲಿ ಜರ್ಮನಿಯವರ ಏರ್ಪಾಡು ಗಮನಾರ್ಹವಾದುದು. ಅಲ್ಲಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಒಂದು ಬಂಧಿತ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದಂತೆ ಆ ಮೊತ್ತ 11,904 ಯೂರೋ. ಆದರೆ ತಿಂಗಳಿಗೆ ಅವನ ಕೈಸೇರುವುದು 992 ಯೂರೋ ಮಾತ್ರ. ಇದು ತೂಬಿನ ನೀತಿಯಲ್ಲದೆ ಮತ್ತೇನು? ಹದಿನೆಂಟಿಪ್ಪತ್ತು ವಯಸ್ಸಿನ ಹುಡುಗನ ಕೈಗೆ ವರ್ಷದ ಹಣವನ್ನು ಒಮ್ಮೆಗೇ ಕೊಡಬಾರದೆಂಬುದನ್ನು ಒಂದು ರಾಜ್ಯವೇ ಕಟ್ಟಳೆಯಾಗಿ ಮಾಡಿದೆ.

ಎರಡನೆಯದು ಕಾಲುವೆ, ಎಂದರೆ ಕಾರ್ಡು. ಮುಂಚಿತವಾಗಿ ಹಣ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ಎರಡು ಅನುಕೂಲಗಳಿವೆ. ತುಂಬಿಸಿದ ದಿನದ ಡಾಲರಿನ ಬೆಲೆಯೇ ನಿಂತಿರುತ್ತದೆ. ಕಳೆದುಹೋದರೆ ಅದರಲ್ಲಿದ್ದಷ್ಟಕ್ಕೇ ಅಪಾಯ ಮಿತವಾಗುತ್ತದೆ. ಇದರ ಜೊತೆಗೆ ಇನ್ನೊಂದು ಬ್ಯಾಂಕಿನ ಕಾರ್ಡನ್ನು, ಇನ್ನೊಂದು ಚೀಲದಲ್ಲಿ ಇಟ್ಟುಕೊಂಡಿರಬೇಕು.

ಕಾರ್ಡಿನ ವಿಷಯದಲ್ಲಿ ನಾಲ್ಕು ಸಂಗತಿಗಳನ್ನು ಊರು ಬಿಡುವ ಮುಂಚೆಯೇ ನೋಡಿಕೊಳ್ಳತಕ್ಕದ್ದು. ಒಂದು: 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆಜ್ಞೆಯ ಪ್ರಕಾರ, ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವಂತೆ ಇರುತ್ತವೆ. ಪರದೇಶದಲ್ಲಿ ನಡೆಯಬೇಕಾದರೆ ಕಾರ್ಡಿನ ಒಡೆಯನು ತಾನೇ ಅದನ್ನು ತೆರೆಯಬೇಕು. ಎಷ್ಟೋ ಮಂದಿಗೆ ಇದು ತಿಳಿಯುವುದು ಪರದೇಶದ ಅಂಗಡಿಯಲ್ಲಿ ಯಂತ್ರವು ಒಲ್ಲೆನೆಂದಾಗ. ಎರಡು: ದಿನಕ್ಕೆ ಇಷ್ಟೇ ಎಂಬ ಮಿತಿಯನ್ನೂ ಆಗಲೇ ಗೊತ್ತುಮಾಡಬಹುದು.

ಮೂರನೆಯದು ನಮ್ಮ ಸೀಮೆಯಲ್ಲಿ ವಿಶೇಷವಾಗಿ ಕಾಣುವ ತೊಡಕು. ಬ್ಯಾಂಕು ಕಳುಹಿಸುವ ಓ.ಟಿ.ಪಿ. ಎಂಬ ಗುಪ್ತಸಂಖ್ಯೆಯು ಖಾತೆಗೆ ಸೇರಿಸಿದ ಫೋನಿಗೆ ಬರುತ್ತದೆ. ತಂದೆಯ ಖಾತೆಗೆ ಊರಿನಲ್ಲಿರುವ ಮಗನ ಫೋನನ್ನೋ, ಸೋದರಳಿಯನ ಫೋನನ್ನೋ ಸೇರಿಸಿರುವ ಮನೆಗಳು ಬಹಳ. ತಂದೆ ಚಿಕಾಗೋವಿನಲ್ಲಿ, ಫೋನು ಮಳವಳ್ಳಿಯಲ್ಲಿ. ಅಲ್ಲಿ ಹಗಲು, ಇಲ್ಲಿ ಅರ್ಧರಾತ್ರಿ. ಆದುದರಿಂದ ಖಾತೆಗೆ ತನ್ನದೇ ಸಂಖ್ಯೆಯಿರಬೇಕು, ಆ ಸಂಖ್ಯೆಗೆ ಪರದೇಶದಲ್ಲಿ ಸಂದೇಶ ಬರುವಂತೆ ಏರ್ಪಾಡಾಗಿರಬೇಕು. ನಾಲ್ಕು: ಕಾರ್ಡನ್ನು ತಡೆಹಿಡಿಸಲು ಕರೆಯಬೇಕಾದ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಕಾರ್ಡಿನಿಂದ ದೂರವಾಗಿ ಇಟ್ಟಿರಬೇಕು. ಹಳೆಯ ಚೆಕ್ಕಿನ ಸಂಖ್ಯೆಯನ್ನು ಬೇರೆ ಬರೆದಿಡುತ್ತಿದ್ದ ಪದ್ಧತಿ ಇದೇ ಅಲ್ಲವೆ?

ಪರದೇಶದ ಅಂಗಡಿಯಲ್ಲಿ ಕಾರ್ಡನ್ನು ಕೊಟ್ಟಾಗ ಯಂತ್ರವು ಒಂದು ಪ್ರಶ್ನೆಯನ್ನು ಕೇಳುವುದುಂಟು: ಹಣವನ್ನು ರೂಪಾಯಿಯಲ್ಲಿ ಕೊಡುವಿರೋ, ಡಾಲರಿನಲ್ಲಿಯೋ? ನಮ್ಮ ರೂಪಾಯಿಯ ಹೆಸರನ್ನು ಕಂಡೊಡನೆ ನಮಗೆ ಮಮತೆ ಹುಟ್ಟುವುದು ಸಹಜ. ಆದರೆ ಆ ಮಮತೆಗೆ ಬೆಲೆ ತೆರಬೇಕಾಗುತ್ತದೆ. ರೂಪಾಯಿಯನ್ನು ಆರಿಸಿದರೆ ವಿನಿಮಯದ ದರವನ್ನು ಅಂಗಡಿಯ ಕಡೆಯವರೇ ಕಟ್ಟುತ್ತಾರೆ, ತಮ್ಮ ಲಾಭವನ್ನು ಅದರಲ್ಲಿ ಸೇರಿಸಿಕೊಳ್ಳುತ್ತಾರೆ. ಯಾವ ದೇಶದಲ್ಲಿದ್ದೇವೆಯೋ ಆ ದೇಶದ ನಾಣ್ಯವನ್ನೇ ಆರಿಸಿಕೊಳ್ಳುವುದು ಜಾಣತನ. ನೂರಕ್ಕೆ ಮೂರು ಅಲ್ಪವೆಂದು ತೋರಬಹುದು. ಒಂದು ಲಕ್ಷ ರೂಪಾಯಿಯ ಖರ್ಚಿನಲ್ಲಿ ಅದು ಮೂರು ಸಾವಿರ. ಹಾಗೆಯೇ ಕ್ರೆಡಿಟ್ ಕಾರ್ಡಿನಿಂದ ಯಂತ್ರದಲ್ಲಿ ನಗದನ್ನು ತೆಗೆಯುವವನು ತೆಗೆದ ದಿನದಿಂದಲೇ ಬಡ್ಡಿ ತೆರುತ್ತಾನೆಂಬುದನ್ನು ನೆನಪಿನಲ್ಲಿಡಬೇಕು.

ಮದ್ದೂರಿನಲ್ಲಿ ವಡೆಗೂ ಎಳನೀರಿಗೂ ಫೋನಿನಿಂದಲೇ ಹಣ ಕೊಟ್ಟು ರೂಢಿಯಾದವರು, ಅದೇ ಏರ್ಪಾಡು ಎಲ್ಲೆಡೆಯೂ ಇರುವುದೆಂದು ತಿಳಿಯಬಾರದು. ನಮ್ಮ ಯು.ಪಿ.ಐ. ಪದ್ಧತಿಯು 2021ರಲ್ಲಿ ಭೂತಾನಕ್ಕೂ, 2024ರ ಫೆಬ್ರವರಿಯಲ್ಲಿ ಶ್ರೀಲಂಕಾ, ಮಾರಿಷಸ್‌ಗಳಿಗೂ, ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೂ ಹೋಗಿರುವುದು ಹೆಮ್ಮೆಯ ಸಂಗತಿಯೇ. ಆದರೆ ಅಮೆರಿಕದ ದಿನಸಿ ಅಂಗಡಿಯಲ್ಲಿ ಅದನ್ನು ನೆಚ್ಚಿಕೊಂಡು ನಿಲ್ಲುವ ಹಾಗಿಲ್ಲ.

ಮೂರನೆಯದು ಬಿಂದಿಗೆ, ಎಂದರೆ ಕೈಯ ನಗದು. ಬಹುತೇಕ ದೇಶಗಳಿಗೆ ಹೊರಟವನು ಒಂದು ಪ್ರಯಾಣಕ್ಕೆ 3,000 ಡಾಲರಿನವರೆಗೆ ಪರದೇಶದ ನೋಟುಗಳನ್ನು ಕೊಳ್ಳಲು ನಿಯಮವು ಅವಕಾಶ ಕೊಡುತ್ತದೆ. ಅವಕಾಶವಿದೆಯೆಂದು ಅಷ್ಟನ್ನೂ ಒಯ್ಯಬೇಕಾಗಿಲ್ಲ. ಮೊದಲ ಕೆಲವು ದಿನಗಳ ಊಟ, ಬಾಡಿಗೆ, ಅನಿರೀಕ್ಷಿತ ವೆಚ್ಚ, ಇವಕ್ಕೆ ಸಾಲುವಷ್ಟು ಚಿಲ್ಲರೆ ನೋಟುಗಳಿದ್ದರೆ ಸಾಕು. ಇವನ್ನು ಅಧಿಕೃತ ಬ್ಯಾಂಕಿನಲ್ಲಿಯೋ, ಪರವಾನಗಿ ಪಡೆದ ವಿನಿಮಯಗಾರರಲ್ಲಿಯೋ ಕೊಂಡು ರಸೀತಿಯನ್ನು ಇಟ್ಟುಕೊಳ್ಳಬೇಕು. 50,000 ರೂಪಾಯಿಗೆ ಮೀರಿದ ಖರೀದಿಗೆ ನಗದು ಕೊಡುವ ಹಾಗಿಲ್ಲ. ಖಾತೆಯ ಮೂಲಕವೇ ಕೊಡಬೇಕು. ಸಣ್ಣ ಊರಿನ ಶಾಖೆಯಲ್ಲಿ ಕೇಳಿದ ದಿನವೇ ಡಾಲರು ಸಿಕ್ಕೀತೆಂದು ನಂಬಿಕೊಂಡು, ಕೊನೆಗೆ ವಿಮಾನನಿಲ್ದಾಣದ ದುಬಾರಿ ದರಕ್ಕೆ ತಲೆಬಾಗುವವರುಂಟು. ಹದಿನೈದು ದಿನ ಮುಂಚೆಯೇ ವಿಚಾರಿಸುವುದು ಲೇಸು. ನಮ್ಮ ರೂಪಾಯಿಯ ನೋಟುಗಳನ್ನು 25,000ಕ್ಕಿಂತ ಹೆಚ್ಚಾಗಿ ಹೊರಗೆ ಒಯ್ಯಕೂಡದು. ಒಯ್ದರೂ ಅಲ್ಲಿ ಉಪಯೋಗವಿಲ್ಲ. ಮರಳಿ ಬಂದಾಗ ಊರು ಸೇರಲು ಬೇಕಾದಷ್ಟಿದ್ದರೆ ಸರಿ.

ನಗದನ್ನು ಎಲ್ಲಿ ಇಡಬೇಕೆಂಬುದಕ್ಕೆ ನಮ್ಮ ಅಜ್ಜಿಯರ ಎಲೆಯಡಿಕೆಯ ಸಂಚಿಯೇ ಗುರು. ಎಲೆಗೆ ಒಂದು ಅರೆ, ಅಡಿಕೆಗೆ ಒಂದು ಅರೆ, ಹಣಕ್ಕೆ ಎಲ್ಲಕ್ಕಿಂತ ಒಳಗಿನ ಅರೆ. ಎಲೆ ತೆಗೆಯುವಾಗ ಹಣ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪ್ರವಾಸಿಯೂ ದಿನದ ಖರ್ಚಿನ ಹಣವನ್ನು ಹೊರಗಿನ ಜೇಬಿನಲ್ಲಿ, ಉಳಿದುದನ್ನು ಮೈಗೆ ಹೊಂದಿದ ಒಳಚೀಲದಲ್ಲಿ ಇಡಬೇಕು. ವಿಮಾನದ ಒಡಲಿಗೆ ಹಾಕುವ ಪೆಟ್ಟಿಗೆಯಲ್ಲಿ ಹಣವನ್ನಾಗಲಿ ಒಡವೆಯನ್ನಾಗಲಿ ಎಂದಿಗೂ ಇಡಬಾರದು. ಬೆಲೆಬಾಳುವ ಒಡವೆಗಳನ್ನು ತೊಟ್ಟು ಹೋಗಲೇಬೇಕಾದವರು ಹೊರಡುವಾಗಲೇ ಸುಂಕದ ಅಧಿಕಾರಿಗಳಿಂದ ಒಂದು ಪ್ರಮಾಣಪತ್ರವನ್ನು ಪಡೆದರೆ, ಮರಳುವಾಗ ಇದು ಹೊಸದಾಗಿ ತಂದುದಲ್ಲವೆಂದು ತೋರಿಸುವುದು ಸುಲಭವಾಗುತ್ತದೆ.

ಗಡಿಯಲ್ಲಿ ಹಣವನ್ನು ತೋರಿಸುವ ವಿಷಯದಲ್ಲಿ ನಮ್ಮವರಿಗೆ ಅನಾವಶ್ಯಕವಾದ ಭಯವಿದೆ. ಅಮೆರಿಕವನ್ನು ಸೇರುವಾಗ 10,000 ಡಾಲರಿಗೆ ಮೀರಿದ ಹಣವಿದ್ದರೆ ಬರೆದು ತಿಳಿಸಬೇಕು. ಒಂದೇ ಕುಟುಂಬವಾಗಿ ಹೋದವರ ಹಣವನ್ನು ಒಟ್ಟಿಗೆ ಎಣಿಸಲಾಗುತ್ತದೆ. ಯೂರೋಪಿನ ಒಕ್ಕೂಟದಲ್ಲಿ ಈ ಮೇರೆಯು 10,000 ಯೂರೋ. ನಮ್ಮ ದೇಶಕ್ಕೆ ಮರಳುವಾಗ ಪರದೇಶದ ನೋಟುಗಳೇ 5,000 ಡಾಲರಿಗೆ ಮೀರಿದ್ದರೆ, ಅಥವಾ ನೋಟು, ಚೆಕ್ಕು ಎಲ್ಲ ಸೇರಿ 10,000ಕ್ಕೆ ಮೀರಿದ್ದರೆ ತಿಳಿಸಬೇಕು. ತಿಳಿಸುವುದಕ್ಕೆ ತೆರಿಗೆಯಿಲ್ಲ; ಮುಚ್ಚಿಟ್ಟು ಸಿಕ್ಕಿಬಿದ್ದರೆ ಹಣವೇ ವಶವಾಗಬಹುದು. ಉಳಿದ ಡಾಲರುಗಳಲ್ಲಿ 2,000ದವರೆಗೆ ಇಟ್ಟುಕೊಂಡು, ಮಿಕ್ಕುದನ್ನು ಮರಳಿದ 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.

ಇನ್ನೊಂದು ಆಶೆಯ ವಿಷಯದಲ್ಲಿ ಎಚ್ಚರಿಕೆ ಹೇಳಬೇಕು. "ನಮ್ಮ ತಂದೆಗೆ ಮದ್ದೂರಿನಲ್ಲಿ ರೂಪಾಯಿ ಕೊಟ್ಟುಬಿಡಿ, ನಿಮಗೆ ಇಲ್ಲಿ ನಾನು ಡಾಲರು ಕೊಡುತ್ತೇನೆ" ಎಂದು ಪರಿಚಿತರು ಹೇಳಬಹುದು. ಕೇಳುವುದಕ್ಕೆ ಇದು ನೆರೆಹೊರೆಯ ಉಪಕಾರದಂತಿದೆ. ಆದರೆ 2000ದ ಜೂನ್ 1ರಿಂದ ಜಾರಿಯಲ್ಲಿರುವ ವಿದೇಶೀ ವಿನಿಮಯ ನಿರ್ವಹಣೆಯ ಕಾಯಿದೆಯು ಇಂಥ ಬದಲಾವಣೆಯನ್ನು ಒಪ್ಪುವುದಿಲ್ಲ. ಮೋಸವಾದರೆ ದೂರು ಕೊಡುವುದಕ್ಕೂ ಬಾಯಿಲ್ಲ. ಮಗ ಅತಿಥಿಗಳಾಗಿ ಬಂದ ತಂದೆತಾಯಿಗಳ ಖರ್ಚನ್ನು ನೋಡಿಕೊಳ್ಳುವುದು ಬೇರೆ, ಈ ವ್ಯಾಪಾರ ಬೇರೆ.

ಕಳ್ಳನು ಈಗ ಜೇಬಿಗೆ ಕೈಹಾಕುವುದಕ್ಕಿಂತ ಫೋನಿನಲ್ಲಿ ಮಾತನಾಡಿಸುವುದೇ ಹೆಚ್ಚು. ವಲಸೆ ಇಲಾಖೆಯವನೆಂದೋ, ಪೋಲೀಸಿನವನೆಂದೋ, ಬ್ಯಾಂಕಿನವನೆಂದೋ ಹೆದರಿಸಿ ಗುಪ್ತಸಂಖ್ಯೆಯನ್ನು ಕೇಳುತ್ತಾನೆ. ಯಾವ ಸರ್ಕಾರವೂ ಫೋನಿನಲ್ಲಿ ದಂಡ ವಸೂಲು ಮಾಡುವುದಿಲ್ಲ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದಾಗಲಿ ಗಿರಾಕಿಯದಾಗಲಿ ತಪ್ಪಿಲ್ಲದೆ ಮೂರನೆಯವರಿಂದಾದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟವು ಗಿರಾಕಿಯ ಮೇಲೆ ಬೀಳುವುದಿಲ್ಲ. ಗುಪ್ತಸಂಖ್ಯೆಯನ್ನು ತಾನೇ ಹೇಳಿಬಿಟ್ಟವನಿಗಾದರೋ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಆದುದರಿಂದ ಸಂದೇಹ ಬಂದ ಗಳಿಗೆಯಲ್ಲಿಯೇ ಬ್ಯಾಂಕಿಗೆ ತಿಳಿಸತಕ್ಕದ್ದು. ನಾಚಿಕೆಯಿಂದ ತಡಮಾಡುವುದು ಕಳ್ಳನಿಗೆ ಮಾಡುವ ಸಹಾಯ.

ಕೊನೆಯದಾಗಿ, ನಾವು ಎಲ್ಲಕ್ಕಿಂತ ಮುಖ್ಯವೆಂದು ಎಣಿಸಿರುವ ಮಾತನ್ನು ಅರಿಕೆ ಮಾಡುತ್ತೇವೆ. ನಮ್ಮ ದಂಪತಿಗಳು ಪರದೇಶಕ್ಕೆ ಹೊರಟಾಗ ಪಾಸ್‌ಪೋರ್ಟು, ಕಾರ್ಡು, ಡಾಲರು ಎಲ್ಲವೂ ಯಜಮಾನರ ಅಂಗಿಯೊಳಗೆ ಇರುವುದೇ ಪದ್ಧತಿ. ಈ ಪದ್ಧತಿಯಲ್ಲಿ ಪ್ರೀತಿಯೂ ಇರಬಹುದು, ಜವಾಬ್ದಾರಿಯೂ ಇರಬಹುದು. ಆದರೆ ನಡುದಾರಿಯ ನಿಲ್ದಾಣದಲ್ಲಿ ಯಜಮಾನರಿಗೆ ಎದೆನೋವು ಬಂದು ಅವರನ್ನು ಆಸ್ಪತ್ರೆಗೆ ಒಯ್ದರೆಂದು ಭಾವಿಸೋಣ. ಹೊರಗೆ ನಿಂತ ಹೆಂಗಸಿನ ಕೈಯಲ್ಲಿ ಒಂದು ಲೋಟ ನೀರನ್ನು ಕೊಳ್ಳುವ ನಾಣ್ಯವಿಲ್ಲ. ಮಗನಿಗೆ ತಿಳಿಸೋಣವೆಂದರೆ ಅವನ ಸಂಖ್ಯೆ ಗಂಡನ ಫೋನಿನಲ್ಲಿದೆ. ಕಬ್ಬು ನಾಟಿಯಿಂದ ಕಟಾವಿನವರೆಗೆ ಗದ್ದೆಯಲ್ಲಿ ಗಂಡನ ಸಮಕ್ಕೆ ದುಡಿದವಳು, ಆ ಕಬ್ಬಿನ ಹಣದ ದೇಶಾಂತರ ಯಾತ್ರೆಯಲ್ಲಿ ಬರಿಗೈಯವಳಾಗಿ ನಿಂತಿರುತ್ತಾಳೆ.

ಇದು ಆಗಬಾರದು. ಗುಪ್ತಸಂಖ್ಯೆಯನ್ನು ಹಂಚಿಕೊಳ್ಳುವುದು ನಿಯಮಕ್ಕೆ ವಿರೋಧ. ಆದುದರಿಂದ ಹೆಂಡತಿಗೆ ಅವಳ ಹೆಸರಿನದೇ ಖಾತೆ, ಅವಳದೇ ಕಾರ್ಡು, ಅವಳದೇ ಸಂಖ್ಯೆ ಇರಬೇಕು. ಅವಳ ಸಂಚಿಯಲ್ಲಿ ಸ್ವಲ್ಪ ನಗದು, ಪಾಸ್‌ಪೋರ್ಟಿನ ಒಂದು ನಕಲು, ಮಕ್ಕಳ ಸಂಖ್ಯೆ ಬರೆದ ಒಂದು ಚೀಟಿ, ಪ್ರಯಾಣದ ಆರೋಗ್ಯ ವಿಮೆಯ ಕಾಗದದ ಪ್ರತಿ ಇರಬೇಕು. ಹೊರಡುವ ತಿಂಗಳಿನಲ್ಲಿ ಮಂಡ್ಯದ ಪೇಟೆಯಲ್ಲಿಯೇ ಎರಡು ಮೂರು ಬಾರಿ ಅವಳೇ ಕಾರ್ಡನ್ನು ಬಳಸಿ ರೂಢಿ ಮಾಡಿಕೊಳ್ಳಬೇಕು. ಕಟ್ಟೆ ಎಷ್ಟು ದೊಡ್ಡದಾದರೇನು, ತೂಬನ್ನು ಎತ್ತಬಲ್ಲವರು ಒಬ್ಬರೇ ಆದರೆ ಬೆಳೆ ಒಣಗುವ ದಿನವೊಂದು ಬಂದೇ ಬರುತ್ತದೆ.

ತಮ್ಮ ಮನೆಗಳಿಂದ ಈ ವರ್ಷ ಹೊರಡುವವರು ಇದ್ದರೆ, ಪೆಟ್ಟಿಗೆ ಕಟ್ಟುವ ಮುಂಚೆ ಒಂದು ಸಂಜೆ ಎಲ್ಲರೂ ಕುಳಿತು ಈ ಲೆಕ್ಕವನ್ನು ಕಾಗದದ ಮೇಲೆ ಬರೆಯುವ ಕೃಪೆ ಮಾಡಬೇಕು: ಕಟ್ಟೆಯಲ್ಲಿ ಎಷ್ಟು, ಕಾಲುವೆಯಲ್ಲಿ ಎಷ್ಟು, ಬಿಂದಿಗೆಯಲ್ಲಿ ಎಷ್ಟು, ಯಾರ ಕೈಯಲ್ಲಿ ಯಾವುದು. ಹೋದವರು ಸುಖವಾಗಿ ಮರಳಿ ಬರಲಿ.